ಭಾಪಿನ ಮಶೀನು ತಂದವಳು

ಅವಳಿಗೆ ನೆಲ ಒರೆಸುವುದನ್ನು ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಪಟ್ಟ ಹೊಟ್ಟೆಕಿಚ್ಚಿಗೆಲ್ಲ ಇದೇ ಬೇರು.

ಬೀದರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಸಫಾಯಿ ಹೆಂಗಸರ ಮೇಲ್ವಿಚಾರಕಿಯಾಗಿದ್ದೆ. ಅವಳು ಕೆಲಸ ಕೇಳಿಕೊಂಡು ಬಂದದ್ದು ಅಲ್ಲಿಗೆ. ನನಗಿಂತ ಏಳು ವರ್ಷ ಚಿಕ್ಕವಳು. ಗಂಡನ ಮನೆ ಬಿಟ್ಟು ಬಂದು, ಹಳೇ ಊರಿನ ಒಂದು ಗಲ್ಲಿಯಲ್ಲಿ ತಾಯಿಯ ಜೊತೆಗಿದ್ದಳು. ಮನೆಯಲ್ಲಿ ಆಡುವುದು ಉರ್ದು, ನಮ್ಮ ಜೊತೆ ಕನ್ನಡ. ಮೊದಲ ದಿನ ವಾರ್ಡಿನ ಬಾಗಿಲಿನಿಂದ ಶುರುಮಾಡಿ ಒಳಕ್ಕೆ ಒರೆಸುತ್ತ ಹೋದಳು. ನಾನು ಅವಳ ಕೈಯಿಂದ ಕೋಲು ಕಿತ್ತುಕೊಂಡೆ.

"ಒಳಗಿಂದ ಹೊರಗ ಬರಬೇಕು. ನೀ ಒರೆಸಿದ್ದರ ಮ್ಯಾಲ ನೀನೇ ಕಾಲಿಟ್ಟು ಬಂದ್ರ ಹ್ಯಾಂಗ?"

ಅವಳು ಹಿಂದಿರುಗಿ ತನ್ನ ಹೆಜ್ಜೆಗುರುತು ನೋಡಿ ನಕ್ಕುಬಿಟ್ಟಳು. ಬೈಸಿಕೊಂಡೂ ನಗುವವರನ್ನು ನಾನು ಹೆಚ್ಚು ನೋಡಿರಲಿಲ್ಲ. ಅಂದಿನಿಂದ ಅವಳು ನನಗೆ ಹತ್ತಿರವಾದಳು.

ಎರಡು ವರ್ಷದ ಮೇಲೆ ನಾನು ಆಸ್ಪತ್ರೆ ಬಿಟ್ಟು ಸ್ವಂತವಾಗಿ ಕೆಲಸ ಹಿಡಿಯತೊಡಗಿದೆ. ಹೋಟೆಲಿನ ಅಡುಗೆಮನೆ, ಬೇಕರಿ, ಮಿಠಾಯಿ ಅಂಗಡಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಹೀಗೆ. ಅವಳೂ ನನ್ನ ಬೆನ್ನು ಹತ್ತಿ ಬಂದಳು. ಬೀದರಿನಲ್ಲಿ ಐದು ಕಡೆ, ಭಾಲ್ಕಿಯಲ್ಲಿ ಒಂದು ಮಿಠಾಯಿ ಅಂಗಡಿ, ಔರಾದಿನಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಖಾನಾವಳಿ. ಆ್ಯಸಿಡ್ಡು, ಕಾಸ್ಟಿಕ್ ಸೋಡಾ, ಬ್ಲೀಚಿಂಗ್ ಪೌಡರು, ತಂತಿಯ ಬ್ರಷ್ಷು, ಎರಡು ಬಕೆಟ್ಟು. ಇಷ್ಟೇ ನಮ್ಮ ಸಾಮಾನು. ಯಾವುದಕ್ಕೆ ಯಾವುದು, ಎಷ್ಟು ಹೊತ್ತು ಬಿಡಬೇಕು ಎಂಬುದನ್ನೆಲ್ಲ ಅವಳಿಗೆ ಒಂದೊಂದಾಗಿ ಹೇಳಿಕೊಟ್ಟೆ. ಆ್ಯಸಿಡ್ಡನ್ನೂ ಬ್ಲೀಚಿಂಗನ್ನೂ ಒಂದೇ ಜಾಗದಲ್ಲಿ ಸೇರಿಸಬಾರದು ಎಂದು ಹತ್ತು ಸಲ ಹೇಳಿದ್ದೆ. "ಅವೆರಡು ಸವತ್ಯಾರು ಇದ್ದಂಗ. ಒಂದ್ ಮನ್ಯಾಗ ಇಟ್ಟಿ ಅಂದ್ರ ಉಸಿರು ಹಿಡೀತದ."

ಆರು ವರ್ಷ ಹೀಗೆ ನಡೆಯಿತು. ಆಮೇಲೆ ಹೈದರಾಬಾದಿನಲ್ಲಿ ಅವಳ ಅಕ್ಕನಿಗೆ ಆಪರೇಶನ್ ಆಯಿತು. ನೋಡಿಕೊಳ್ಳಲೆಂದು ಹೋದವಳು ಎಂಟು ತಿಂಗಳು ಅಲ್ಲೇ ಉಳಿದಳು. ಅಲ್ಲಿ ಒಂದು ದೊಡ್ಡ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆಂದು ಸುದ್ದಿ ಬಂತು. ನನಗೆ ಸಿಟ್ಟು ಬಂದಿತ್ತು, ಆದರೆ ಬರುತ್ತಾಳೆ ಎಂಬ ನಂಬಿಕೆಯೂ ಇತ್ತು.

ಬಂದಳು. ಬಸ್ಸಿನಿಂದಿಳಿದು ತನ್ನ ಮನೆಗೂ ಹೋಗದೆ ನೇರ ನನ್ನ ಮನೆಗೆ ಬಂದಳು. ತೊಡೆಯ ಮೇಲೆ ಮಗುವಿನ ಹಾಗೆ ಚಾದರದಲ್ಲಿ ಸುತ್ತಿ ತಂದಿದ್ದ ಗಂಟನ್ನು ನಡುಮನೆಯಲ್ಲಿ ಬಿಚ್ಚಿದಳು. ನೀರು ತುಂಬುವ ಒಂದು ಗುಂಡನೆಯ ಟಾಕಿ, ಉದ್ದನೆಯ ಕೊಳವೆ, ಅದರ ತುದಿಗೆ ಹಿತ್ತಾಳೆಯ ಸಣ್ಣ ಮೂತಿ, ಬೇರೆ ಬೇರೆ ಅಳತೆಯ ಬ್ರಷ್ಷುಗಳು.

"ಭಾಪಿನ ಮಶೀನ್ ಅಕ್ಕಾ. ನೀರು ಕುದ್ದು ಭಾಪ್ ಆಗ್ತದ, ಜೋರ್ ಬರ್ತದ. ಜಿಡ್ಡು ಕರಗಿ ಇಳೀತದ. ಆ್ಯಸಿಡ್ ಬ್ಯಾಡ, ಸೋಡಾ ಬ್ಯಾಡ, ವಾಸನಿ ಬಿಲ್ಕುಲ್ ಇಲ್ಲ. ತಿನ್ನೋ ಸಾಮಾನ್ ಇರೋ ಜಾಗಕ್ಕ ಇದೇ ಚೊಲೋ. ಇಬ್ರೂ ಕೂಡಿ ಮಾಡಮು."

ಹಬೆಯನ್ನು ನಮ್ಮಲ್ಲಿ ಭಾಪ್ ಎನ್ನುವುದು ರೂಢಿ. ನಾನು ಆ ಟಾಕಿಯನ್ನು ಕಾಲಿನಿಂದ ಸ್ವಲ್ಪ ಸರಿಸಿ ನೋಡಿದೆ. ಕೈಯಿಂದ ಅಲ್ಲ, ಕಾಲಿನಿಂದ.

"ಇಡ್ಲಿ ಬೇಯಿಸ್ಲಿಕ್ಕ ಚೊಲೋ ಅದ," ಎಂದೆ.

ಅವಳು ಈ ಸಲ ನಗಲಿಲ್ಲ. ಚಹಾ ಕುಡಿದಳು, ಮಶೀನನ್ನು ಮತ್ತೆ ಚಾದರದಲ್ಲಿ ಕಟ್ಟಿಕೊಂಡಳು, ಹೋದಳು. ಬಾಗಿಲಲ್ಲಿ ನಿಂತು, "ವಿಚಾರ ಮಾಡಕ್ಕಾ," ಎಂದಳು. ನಾನು ವಿಚಾರ ಮಾಡಲಿಲ್ಲ. ನನ್ನ ಹತ್ತಿರ ಕಲಿತವಳು ನನಗೆ ಕಲಿಸಲು ಬಂದಳಲ್ಲ ಎಂಬ ಒಂದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ಮೊದಲು ನನ್ನ ಕೈತಪ್ಪಿ ಹೋದದ್ದು ಬೇಕರಿ. ಆ ಬೇಕರಿ ಚಾಚಾ ಒಳ್ಳೆಯ ಮನುಷ್ಯ. ನನ್ನನ್ನು ಬಿಡಿಸಲಿಲ್ಲ, 'ಈ ತಿಂಗಳು ಬ್ಯಾಡ್ರಿ' ಎಂದು ಮಾತ್ರ ಹೇಳಿದರು. ಒಂದು ಮಧ್ಯಾಹ್ನ ಖಾರಿ ಬಿಸ್ಕತ್ತು ಕೊಳ್ಳುವ ನೆಪ ಮಾಡಿಕೊಂಡು ನಾನು ಅಲ್ಲಿಗೆ ಹೋದೆ. ಒಳಗಿನ ಕೋಣೆಯಲ್ಲಿ ಬಿಳಿ ಹೊಗೆಯಂಥದು ಏಳುತ್ತಿತ್ತು. ಅವಳು ನೀಲಿ ಕೈಗವಸು, ಮೊಣಕಾಲಿನವರೆಗೆ ಇಳಿದ ಏಪ್ರನ್ ಹಾಕಿಕೊಂಡು ಹಿಟ್ಟು ಕಲೆಸುವ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಒಂದು ಕೈಯಲ್ಲಿ ಮೂತಿ, ಇನ್ನೊಂದು ಕೈಯಲ್ಲಿ ಮಡಿಸಿದ ಬಟ್ಟೆ. ಮೂತಿಯನ್ನು ಒಂದು ಸಂದಿಗೆ ಹಿಡಿದು ಸುಮ್ಮನೆ ಕಾಯುತ್ತಾಳೆ, ಸಂದಿಯಿಂದ ಕಂದು ಬಣ್ಣದ ನೀರು ಇಳಿಯುತ್ತದೆ, ಇಳಿದದ್ದನ್ನು ತಕ್ಷಣ ಒರೆಸುತ್ತಾಳೆ, ಬಟ್ಟೆಯ ಮಡಿಕೆ ತಿರುವುತ್ತಾಳೆ.

ಆ ಸಂದಿ ನನಗೆ ಗೊತ್ತು. ಆರು ವರ್ಷ ಚಾಕುವಿನ ತುದಿಯಿಂದ ಕೆರೆದು ಕೆರೆದು ಸೋತಿದ್ದೆ. 'ಅದು ಜಂಗು ಹಿಡಿದದ್ದು, ಹೋಗಂಗಿಲ್ಲ' ಎಂದು ಚಾಚಾನಿಗೆ ಹೇಳಿದ್ದೆ. ತುಕ್ಕಲ್ಲ, ಹಳೆಯ ಹಿಟ್ಟು ಮತ್ತು ಡಾಲ್ಡಾ. ಕೆಳಗೆ ಉಕ್ಕು ಹೊಸದರಂತೆ ಹೊಳೆಯುತ್ತಿತ್ತು.

"ಬರ್ರಿ ಬಾಯಿ, ನೋಡ್ರಿ ನಿಮ್ಮ ಹುಡುಗಿ ಏನ್ ಕಮಾಲ್ ಮಾಡ್ಯಾಳ! ನೆಲಾ ಸೈತ ತೊಯ್ದಿಲ್ಲ. ಪಹಿಲೇ ತೊಳ್ದ ಮ್ಯಾಲ ಎರಡು ದಿನ ಹಸಿ ಇರ್ತಿತ್ತು, ಹಿಟ್ಟಿಗಿ ವಾಸನಿ ಹೊಡೀತಿತ್ತು," ಎಂದರು ಚಾಚಾ.

ಅವರು ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಿದ್ದಲ್ಲ. ಆದರೆ ಆ ವಾಸನೆ ನನ್ನದು, ನನ್ನ ಬ್ಲೀಚಿಂಗಿನದು. ಅವಳಿಗೆ ಗಾಜಿನ ಲೋಟದಲ್ಲಿ ಚಹಾ ಬಂತು. ನನಗೆ ಅಲ್ಲಿ ಯಾವತ್ತೂ ಕಾಗದದ ಕಪ್ಪಿನಲ್ಲಿ ಬರುತ್ತಿತ್ತು. ಖಾರಿಯ ಪೊಟ್ಟಣ ಹಿಡಿದು ಮನೆಗೆ ಬಂದೆ. ಅಷ್ಟನ್ನೂ ಮಗಳೇ ತಿಂದಳು.

ಆಮೇಲಿನ ಕೆಲವು ತಿಂಗಳು ನಾನು ನಾನಾಗಿರಲಿಲ್ಲ. ಅವಳು ಮೊಬೈಲಿನ ಸ್ಟೇಟಸ್ಸಿನಲ್ಲಿ ದಿನಾ ಎರಡು ಫೋಟೋ ಹಾಕುತ್ತಿದ್ದಳು. ಒಂದು ಕೊಳೆಯಾಗಿದ್ದಾಗಿನದು, ಒಂದು ಸ್ವಚ್ಛವಾದ ಮೇಲಿನದು. ಒಲೆಯ ಬರ್ನರು, ಚಿಮಣಿಯ ಜಾಲರಿ, ಫ್ರಿಜ್ಜಿನ ಬಾಗಿಲಿನ ರಬ್ಬರು. ಅವಳು ಹಾಕಿದ ನಿಮಿಷಕ್ಕೇ ನಾನು ನೋಡುತ್ತಿದ್ದೆ. ಯಾರು ಎಷ್ಟು ಹೊತ್ತಿಗೆ ನೋಡಿದರು ಅನ್ನುವುದು ಹಾಕಿದವರಿಗೆ ಕಾಣುತ್ತದೆ ಎಂದು ಮಗಳು ಹೇಳಿದ ಮೇಲೆ ಒಂದು ತಾಸು ತಡೆದು ನೋಡತೊಡಗಿದೆ. ಆ ಒಂದು ತಾಸು ಬೇರೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ.

ರೇಶನ್ ಅಂಗಡಿಯಲ್ಲಿ ಒಂದು ದಿನ ಪಾಳಿಯಲ್ಲಿ ನಿಂತಿದ್ದಾಗ ಅವಳು ಸಿಕ್ಕಳು. ಹೆಬ್ಬೆಟ್ಟು ಒತ್ತುವ ಯಂತ್ರ ಅವಳ ಬೆರಳನ್ನು ಒಂದೇ ಸಲಕ್ಕೆ ಹಿಡಿಯಿತು. ನನ್ನದನ್ನು ನಾಲ್ಕು ಸಲ ಒರೆಸಿ, ಎಣ್ಣೆ ಹಚ್ಚಿ ಒತ್ತಿದರೂ ಹಿಡಿಯಲಿಲ್ಲ. ಕಾಸ್ಟಿಕ್ ಸೋಡಾಕ್ಕೆ ಸವೆದು ಸವೆದು ನನ್ನ ಬೆರಳ ಗೆರೆಗಳು ಅಳಿಸಿಹೋಗಿವೆ. ಅವಳದೂ ಹಾಗೇ ಇತ್ತು, ಇಬ್ಬರೂ ಇದೇ ಪಾಳಿಯಲ್ಲಿ ನಿಂತು ನಗಾಡಿಕೊಂಡಿದ್ದೆವು. ಈಗ ಅವಳ ಗೆರೆಗಳು ಮರಳಿ ಮೂಡಿದ್ದವು. ಅಂಗಡಿಯವನು ನನ್ನ ಕಾರ್ಡನ್ನು ಬದಿಗಿಟ್ಟು "ಮಗಳನ್ನ ಕಳಿಸ್ರಿ" ಎಂದಾಗ ನಾನು ನೋಡುತ್ತಿದ್ದದ್ದು ಅವಳ ಅಂಗೈಯನ್ನು. ಮೆತ್ತಗೆ, ತೆಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬೇಕರಿಗಿಂತ, ಚಹಾದ ಲೋಟಕ್ಕಿಂತ ಹೆಚ್ಚು ಸುಟ್ಟದ್ದು ಅದು.

ಭಾಲ್ಕಿಯ ಮಿಠಾಯಿ ಅಂಗಡಿಯನ್ನಾದರೂ ಉಳಿಸಿಕೊಳ್ಳಬೇಕೆಂದು ಮಾಲೀಕರ ಕಿವಿಯಲ್ಲಿ ಒಂದು ಮಾತು ಊದಿದೆ. "ಭಾಪ್ ಹೊಡ್ದ್ರ ನಿಮ್ಮ ಕೌಂಟರ್‌ನ ಗಾಜು ಒಡೀತಾವ್ರಿ. ಟೈಲ್ಸೂ ಕಿತ್ತು ಬರ್ತಾವ. ಕೇಳಿದ್ದು ಹೇಳ್ತೇನಿ, ಆಮ್ಯಾಲ ನಿಮ್ಮ ಮರ್ಜಿ."

ಅವರು ಹೌದು ಹೌದೆಂದು ತಲೆಯಾಡಿಸಿದರು. ಮುಂದಿನ ತಿಂಗಳು ಬಕೆಟ್ಟು ಹಿಡಿದು ಹೋದರೆ ಅಂಗಡಿ ಆಗಲೇ ಥಳಥಳ ಅನ್ನುತ್ತಿದೆ.

"ಆಕಿ ಬಂದು ಮಾಡಿ ಹೋದ್ಳ್ರಿ. ಒಂದ್ ಗಾಜೂ ಒಡೀಲಿಲ್ಲ. ಪಹಿಲೇ ಬಿಸಿನೀರಿನ ಬಟ್ಟಿ ಇಟ್ಟು ಗಾಜು ಬೆಚ್ಚಗ ಮಾಡ್ಕೊಂಡ್ಳು, ಆಮ್ಯಾಲ ದೂರದಿಂದ ಹೊಡದ್ಳು. ನೀವು ಹಿಂಗ ಅಂದೀರಿ ಅಂತ ಹೇಳ್ದೆ."

"ಏನಂದ್ಳು?"

"'ಅಕ್ಕ ಅಂದಿದ್ದು ಖರೇನೇ ಅದ, ಥಂಡ ಗಾಜಿಗಿ ಒಮ್ಮಿಗೇ ಭಾಪ್ ಹಿಡಿದ್ರ ಒಡೀತದ. ಅಕ್ಕಗ ಎಲ್ಲಾ ತಿಳೀತದ' ಅಂದ್ಳು."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನ ಚಾಡಿಯನ್ನೂ ತಿಳಿವಳಿಕೆಯ ಮಾತಾಗಿ ಮಾಡಿ ನನಗೇ ಮರಳಿಸಿದ್ದಳು. ಭಾಲ್ಕಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತೆ. ಬೀದರಿನ ಎರಡು ಬಸ್ಸು ಬಂದು ಹೋದವು, ಮೂರನೆಯದನ್ನು ಹತ್ತಿದೆ.

ಇಷ್ಟಾದ ಮೇಲೆ ಔರಾದಿನ ಕೆಲಸ ಬಂತು. ಖಾನಾವಳಿಯ ಮಾಲೀಕರಿಗೆ ತಪಾಸಣೆಯವರು ಬರುವ ಸುದ್ದಿ ಸಿಕ್ಕಿತ್ತು. ಗೋಡೆಗೆ ಜಿಡ್ಡು, ಮೋರಿಯಲ್ಲಿ ಜಿರಳೆ. ಎರಡು ದಿನ ಖಾನಾವಳಿ ಮುಚ್ಚಿ, ಮೋರಿ ಮತ್ತು ಪಾತ್ರೆ ತೊಳೆಯುವ ಜಾಗಕ್ಕೆ ನನ್ನನ್ನು, ಒಲೆ ಗೋಡೆ ಕಪಾಟಿಗೆ ಅವಳನ್ನು ಕರೆದರು.

ಮೊದಲ ದಿನ ನಾನೊಬ್ಬಳೇ ಹೋದೆ. ಪಾತ್ರೆ ತೊಳೆಯುವ ಜಾಗದ ಟೈಲ್ಸಿಗೆ ಆ್ಯಸಿಡ್ ಹಾಕಿ ಉಜ್ಜಿದೆ, ನೀರು ಬಿಟ್ಟೆ. ಆಮೇಲೆ ಅಲ್ಲೇ ಪಕ್ಕದ ಕಲ್ಲಿನ ಕಟ್ಟೆಯ ಕೆಳಗೆ, ಜಿರಳೆ ಹೊರಡುವ ಮೂಲೆಯಲ್ಲಿ ಬ್ಲೀಚಿಂಗ್ ಪೌಡರನ್ನು ದಪ್ಪಗೆ ಹರಡಿ, ಬೆಳಿಗ್ಗೆ ಬಂದು ತೊಳೆದರಾಯಿತೆಂದು ಬಿಟ್ಟು ಬಂದೆ.

ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಔರಾದಿಗೆ ರೈಲಿಲ್ಲ, ಬಸ್ಸೇ ಗತಿ. ಅವಳು ಕಿಟಕಿಯ ಬದಿ ನನಗೆ ಬಿಟ್ಟುಕೊಟ್ಟು ಮಶೀನನ್ನು ಕಾಲಸಂದಿಯಲ್ಲಿ ಇಟ್ಟುಕೊಂಡಳು. ಕಡಲೆ ಹೊಲಗಳು ದಾಟುತ್ತಿದ್ದವು.

"ನಿನ್ನೆ ಏನಾರ ಹಾಕೀಯೇನಕ್ಕಾ? ಭಾಪ್ ಹೊಡ್ಯೂದಕ್ಕ ಪಹಿಲೇ ತಿಳಕೋಬೇಕು, ಅದಕ್ಕ ಕೇಳ್ತೇನಿ."

"ಎಲ್ಲಾ ತೊಳ್ದೀನಿ," ಎಂದೆ.

ಹೋದ ಕೂಡಲೇ ತೊಳೆಯುವುದಿತ್ತಲ್ಲ, ಅದಕ್ಕೆ ಹಾಗೆಂದೆ. ಆಗ ಅದು ಸುಳ್ಳೆಂದು ನನಗೇ ಅನಿಸಲಿಲ್ಲ.

ಖಾನಾವಳಿ ಮುಟ್ಟಿದೆವು. ಮಾಲೀಕರು ಅವಳಿಗೆ ಕುರ್ಚಿ ಹಾಕಿಸಿದರು. "ಯಾ ಮೇಡಂ, ಚಹಾ ಘ್ಯಾ," ಎಂದು ಮರಾಠಿಯಲ್ಲಿ ಚಹಾಕ್ಕೆ ಕರೆದರು. ನನ್ನ ಕಡೆ ತಿರುಗಿ, "ನೀವು ಹಿತ್ತಲದಾಗ ನೀರಿನ ಡ್ರಮ್ ಅವ, ಅವ್ ತಿಕ್ಕಿಬಿಡ್ರಿ. ಒಳಗ ಮೇಡಂ ಕೆಲಸ ಮಾಡ್ಲಿ, ಗಡಬಡಿ ಬ್ಯಾಡ," ಎಂದರು.

ಕಟ್ಟೆಯ ಕೆಳಗೆ ಬ್ಲೀಚಿಂಗ್ ಇದೆ, ಮೊದಲು ಅದನ್ನು ತೊಳೆಯಬೇಕು ಎಂದು ಹೇಳಲು ನಾನು ಬಾಯಿ ತೆರೆದೆ. ಅವಳು ಗಾಜಿನ ಲೋಟ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದಳು. ಬಾಯಿ ಮುಚ್ಚಿಕೊಂಡೆ. ಬ್ರಷ್ಷು ತೆಗೆದುಕೊಂಡು ಹಿತ್ತಲಿಗೆ ಹೋದೆ.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ನನಗೆ ಸ್ಪಷ್ಟವಾಗಿ ಗೊತ್ತು. ಅವಳಿಗೆ ಏನಾದರೂ ಆಗಲಿ ಎಂದಲ್ಲ. ಸ್ವಲ್ಪ ಕಣ್ಣುರಿಯಲಿ, ಘಾಟು ಏಳಲಿ, ಹೊರಗೋಡಿ ಬರಲಿ, 'ಮೇಡಮ್ಮಿನ ಮಶೀನು ಇಷ್ಟೇ' ಎಂದು ಈ ಮನುಷ್ಯ ನೋಡಲಿ. ಅಷ್ಟೇ ಬಯಸಿದ್ದೆ. ಅಷ್ಟೇ ಎಂದು ಬರೆಯುವಾಗ ಈಗ ಕೈ ತಡೆಯುತ್ತದೆ.

ಡ್ರಮ್ಮಿನೊಳಗೆ ಬಗ್ಗಿ ತಿಕ್ಕುತ್ತಿದ್ದೆ. ಒಳಗಿನಿಂದ ಹಬೆಯ ಬುಸುಗುಡುವ ಸದ್ದು ಕೇಳುತ್ತಿತ್ತು. ಮೊದಲು ಗೋಡೆಯ ಕಡೆಯಿಂದ, ಆಮೇಲೆ ಒಲೆಯ ಕಡೆಯಿಂದ, ಆಮೇಲೆ ಕಟ್ಟೆಯ ಹತ್ತಿರ. ಒಂದು ಕೆಮ್ಮು ಕೇಳಿತು. ನಾನು ಏಳಲಿಲ್ಲ. ಮತ್ತೊಂದು. ಬ್ರಷ್ಷನ್ನು ಇನ್ನೂ ಜೋರಾಗಿ ತಿಕ್ಕಿದೆ. ಆಮೇಲೆ ಹಿತ್ತಾಳೆಯ ಮೂತಿ ನೆಲಕ್ಕೆ ಬಿದ್ದ ಸದ್ದು, ಕೆಮ್ಮು ನಿಲ್ಲದೆ ಒಂದರ ಮೇಲೊಂದು.

ಓಡಿದೆ. ಬಾಗಿಲಲ್ಲೇ ಘಾಟು ಮುಖಕ್ಕೆ ಹೊಡೆಯಿತು. ತೊಳೆದುಹೋಗದೆ ಉಳಿದ ಆ್ಯಸಿಡ್ಡು, ಬ್ಲೀಚಿಂಗು, ಅದರ ಮೇಲೆ ಬಿಸಿ ಹಬೆ. ಅವಳು ಕಟ್ಟೆಯ ಪಕ್ಕದಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿಕೊಂಡು ಕೈ ಚಾಚಿ ಬಾಗಿಲು ಹುಡುಕುತ್ತಿದ್ದಳು. ಸೆರಗನ್ನು ಮೂಗಿಗೆ ಒತ್ತಿಕೊಂಡು ಒಳನುಗ್ಗಿದೆ. ಸ್ವಿಚ್ಚು ಆರಿಸಿದೆ. ಕಂಕುಳಲ್ಲಿ ಕೈ ಹಾಕಿ ಅವಳನ್ನು ಎಳೆದುಕೊಂಡು ಹಿತ್ತಲಿಗೆ ಬಂದೆ, ಡ್ರಮ್ಮಿಗೆ ತಂದಿಟ್ಟಿದ್ದ ಸ್ವಚ್ಛ ನೀರನ್ನು ಕೊಡದಿಂದ ಅವಳ ಕಣ್ಣಿಗೆ ಹೊಯ್ದೆ. "ಉಸಿರು ತಗೋ, ನಿಧಾನಕ್ಕ ತಗೋ," ಎಂದು ಒಂದೇ ಸಮನೆ ಹೇಳುತ್ತಿದ್ದೆ. ಮಾಲೀಕರು ಆಟೋ ತಂದರು.

ದವಾಖಾನೆಯಲ್ಲಿ ಮೂಗಿಗೆ ಆಕ್ಸಿಜನ್ ಹಚ್ಚಿದರು. "ಅಲ್ಲಿ ಏನಿತ್ತು?" ಎಂದು ಡಾಕ್ಟರು ಕೇಳಿದರು. ಅವಳು ಗೊತ್ತಿಲ್ಲವೆಂದು ತಲೆಯಾಡಿಸಿದಳು.

"ಬ್ಲೀಚಿಂಗ್ ಇತ್ರಿ. ಆ್ಯಸಿಡ್ಡೂ ಹಾಕಿತ್ತು. ನಾನೇ ಹಾಕಿದ್ದೆ," ಎಂದೆ.

ಅವಳು ಕೆಂಪಾದ ಕಣ್ಣು ಅಷ್ಟಿಷ್ಟು ತೆರೆದು ನನ್ನನ್ನು ನೋಡಿದಳು. ಸಂಜೆಯ ಹೊತ್ತಿಗೆ ಉಸಿರು ಸರಾಗವಾಯಿತು, ಗಾಬರಿಯಿಲ್ಲ, ಮನೆಗೆ ಹೋಗಬಹುದೆಂದರು. ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ ಮಾತು.

"ಹೇಳ್ಬೇಕಿತ್ತಲ್ಲಕ್ಕಾ?"

"ಮರ್ತಿದ್ದೆ," ಎಂದೆ.

ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ಬೀದರ್ ಬರುವವರೆಗೆ ನಾನು ಹೆಗಲು ಅಲುಗಿಸಲಿಲ್ಲ.

ಎಂಟು ದಿನ ತಡೆದುಕೊಂಡೆ. ಒಂಬತ್ತನೆಯ ದಿನ ಅವಳ ಮನೆಗೆ ಹೋದೆ. ಅವಳ ತಾಯಿ ನನ್ನನ್ನು ಕಂಡು ಎದ್ದು, "ಆವೊ ಬೇಟಿ, ನೀ ಇಲ್ಲಂದ್ರ ಅವತ್ತು ನನ್ ಮಗಳು ಉಳೀತಿದ್ದಿಲ್ಲ," ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆ ಮುದುಕಿಯ ಕೈಯಿಂದ ಕೈ ಬಿಡಿಸಿಕೊಳ್ಳುವುದು ನನಗೆ ಬಹಳ ಕಷ್ಟವಾಯಿತು. ಅವರು ಚಹಾಕ್ಕೆಂದು ಒಳಗೆ ಹೋದ ಮೇಲೆ ಅವಳ ಮುಂದೆ ಕುಳಿತೆ.

"ನಾ ಮರ್ತಿದ್ದಿಲ್ಲ," ಎಂದೆ.

"ಗೊತ್ತದ," ಎಂದಳು.

"ಹ್ಯಾಂಗ?"

"ಬ್ಲೀಚಿಂಗ್ ಎಲ್ಲಿ ಹಾಕೀದಿ ಅಂಬೋದು ಮರಿಯೋ ಹೆಣ್ಮಗಳಲ್ಲ ನೀ. ಆರು ವರ್ಷ ನಿನ್ನ ಕೂಡ ಮಾಡೀನಿ. ದವಾಖಾನ್ಯಾಗೇ ತಿಳೀತು."

"ಮತ್ತ ಬಸ್ನಾಗ ಯಾಕ ಕೇಳ್ದಿ?"

"ಖರೇ ಹೇಳ್ತೀ ಏನೋ ಅಂತ."

ನಾನು ಹೊಟ್ಟೆಕಿಚ್ಚಿನ ಮಾತನ್ನೆಲ್ಲ ಹೇಳಿದೆ. ಬೇಕರಿ, ಲೋಟ, ಸ್ಟೇಟಸ್ಸು, ಅವಳ ಅಂಗೈ. ಅವಳು ಸಮಾಧಾನ ಹೇಳಲಿಲ್ಲ, ಅಳಲೂ ಇಲ್ಲ. ತಾಯಿ ಚಹಾ ತಂದಾಗ ಬಟ್ಟಲನ್ನು ನನ್ನ ಕಡೆ ಸರಿಸಿ, "ಕುಡ್ದು ಹೋಗು. ಸ್ವಲ್ಪ ದಿನ ಬರಬ್ಯಾಡ," ಎಂದಳು.

ಎರಡು ತಿಂಗಳು ಮಾತಿಲ್ಲ. ಅವಳು ಈ ಸಂಗತಿಯನ್ನು ಯಾರಿಗೂ ಹೇಳಲಿಲ್ಲ. ಬೇಕರಿ ಚಾಚಾನಿಗಿಲ್ಲ, ಭಾಲ್ಕಿಗಿಲ್ಲ, ಹೆತ್ತ ತಾಯಿಗೂ ಇಲ್ಲ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಒಳಗೇ ಇನ್ನೊಂದು ಸಣ್ಣ ಉರಿ ಎದ್ದಿತು. ದೊಡ್ಡ ಮನಸ್ಸಿನಲ್ಲೂ ಅವಳೇ ಮುಂದಾದಳಲ್ಲ ಎಂದು. ಮನುಷ್ಯರ ಹೊಟ್ಟೆಕಿಚ್ಚಿಗೆ ತಿನ್ನಲು ಇಂಥದೇ ಬೇಕೆಂದಿಲ್ಲ.

ಔರಾದಿನ ಅಡುಗೆಮನೆ ಅರ್ಧಕ್ಕೇ ನಿಂತಿತ್ತು. ತಪಾಸಣೆ ಮುಂದಕ್ಕೆ ಹೋಗಿತ್ತು. ಮಾಲೀಕರು ಮತ್ತೆ ಮತ್ತೆ ಕೇಳಿದಾಗ ಅವಳು ನನಗೆ ಫೋನು ಮಾಡಿದಳು. ನಮಸ್ಕಾರವಿಲ್ಲ, ಕ್ಷೇಮವಿಲ್ಲ.

"ನೀ ಎರಡು ದಿನ ಪಹಿಲೇ ಹೋಗು. ಬರೇ ನೀರು ಹಾಕಿ ತೊಳಿ, ಮೂರ್ ಸಲ ತೊಳಿ. ಕಿಡಕಿ ತೆರೆದಿಡು. ಪೂರಾ ಒಣಗಿದ ಮ್ಯಾಲ ನಾ ಬರ್ತೇನಿ."

ಮೂರಲ್ಲ, ಐದು ಸಲ ತೊಳೆದೆ. ಅವಳು ಬಂದು ಕಟ್ಟೆಯ ಕೆಳಗೆ ಬಗ್ಗಿ, ಮೂಲೆಯನ್ನು ಮೂಸಿ ನೋಡಿದಳು. ನನ್ನ ಮಾತನ್ನು ನಂಬಲಿಲ್ಲ. ನಂಬದಿದ್ದದ್ದು ಸರಿಯೇ. ಆಮೇಲೆ ಮಶೀನು ಬಿಸಿಯಾಗಲು ಬಿಟ್ಟು, ಮೂತಿಯನ್ನು ನನ್ನ ಕೈಗೆ ಕೊಟ್ಟಳು.

ನಾನು ಪೊರಕೆ ಬೀಸಿದ ಹಾಗೆ ಗೋಡೆಯ ಮೇಲೆ ಬೀಸಿದೆ. ಜಿಡ್ಡು ಕರಗಿ ಉದ್ದುದ್ದ ಗೆರೆಯಾಗಿ ಇಳಿದು, ಕೆಳಗೆ ಹೋಗಿ ಮತ್ತೆ ಗಟ್ಟಿಯಾಯಿತು.

"ಹಂಗ ಬೀಸಬ್ಯಾಡ. ಒಂದೇ ಕಡಿ ಹಿಡಿ. ಕೀಟಾಣು ಸಾಯಬೇಕಂದ್ರ ಬಿಸಿ ನಿಲ್ಲಬೇಕು. ಇಳ್ದಿದ್ದು ಆಗಿಂದಾಗ ಒರಸು. ಅದೇ ಬಟ್ಟಿಲಿಂದ ಇನ್ನೊಂದ್ ಕಡಿ ಒರಸಬ್ಯಾಡ, ಮೈಲಗಿ ಅಲ್ಲಿಗೂ ಒಯ್ತೀ."

ದನಿಯಲ್ಲಿ ಸಲಿಗೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಹೇಳಿದ ಹಾಗೆ ಮಾಡಿದೆ. ಒಂದು ಅಂಗೈಯಷ್ಟು ಜಾಗ, ಆಮೇಲೆ ಇನ್ನೊಂದು. ಹಳದಿ ಎಂದುಕೊಂಡಿದ್ದ ಟೈಲ್ಸು ಬಿಳಿಯದೆಂದು ಮಾಲೀಕರಿಗೂ ಆಗಲೇ ಗೊತ್ತಾದದ್ದು. ಸಂಜೆಯ ಬಸ್ಸಿಗೆ ಮೊದಲು ಇಡೀ ಗೋಡೆ ಮುಗಿಸಿದೆವು. ತಪಾಸಣೆ ಮಾಡಿದವರು ತಕರಾರು ತೆಗೆಯಲಿಲ್ಲವೆಂದು ಆಮೇಲೆ ತಿಳಿಯಿತು.

ಈಗ ವಾರದಲ್ಲಿ ಮೂರು ದಿನ ಇಬ್ಬರೂ ಕೂಡಿ ಕೆಲಸ ಮಾಡುತ್ತೇವೆ. ಮೋರಿ, ಕಕ್ಕಸು, ಹೊರಗಿನ ನೆಲ ನನ್ನ ಪಾಲು, ಅಲ್ಲಿ ಇಂದಿಗೂ ನೀರು ಪೌಡರು ಬೇಕೇ ಬೇಕು. ತಿನ್ನುವ ಸಾಮಾನಿನ ಜಾಗವೆಲ್ಲ ಹಬೆಗೆ. ಯಾವ ಮೂಲೆಗೆ ಏನು ಹಾಕಿದ್ದೇನೆ ಎಂದು ಗೋಡೆಗೆ ಚೀಟಿ ಅಂಟಿಸುತ್ತೇನೆ, ಅವಳು ಓದಿ ಆಮೇಲೆ ಸ್ವಿಚ್ಚು ಹಾಕುತ್ತಾಳೆ. ಮೊದಲಿನ ಹಾಗೆ ಇದ್ದೇವೆ ಎಂದು ಹೇಳಲಾರೆ. ನಾನು ಚಹಾ ಮಾಡಿ ಕೊಟ್ಟರೆ ಕುಡಿಯುತ್ತಾಳೆ, ನನ್ನ ಮಾತಿಗೆ ನಗುತ್ತಾಳೆ. ಆದರೂ ಕೆಲಸದ ಜಾಗದಲ್ಲಿ ನಾನು 'ತೊಳೆದಾಗಿದೆ' ಎಂದರೆ ಒಮ್ಮೆ ಬಗ್ಗಿ ಮೂಸಿ ನೋಡುತ್ತಾಳೆ.

ಕಳೆದ ತಿಂಗಳು ಅವಳು ದೊಡ್ಡದೊಂದು ಹೊಸ ಮಶೀನು ತಂದಳು. ಹಳೆಯದನ್ನು, ಅದೇ ಗುಂಡನೆಯ ಟಾಕಿಯನ್ನು, ಒರೆಸಿ ನನಗೆ ಕೊಟ್ಟಳು. "ಇದು ನೀ ಇಟ್ಕೋ. ಕ್ಲಿನಿಕ್ಕಿಗಿ ಇಷ್ಟೇ ಸಾಕಾಗ್ತದ," ಎಂದಳು. ಸಂತೋಷಪಡಬೇಕಾದ ಹೊತ್ತು. ನಾನು ಮಾತ್ರ ಹೊಸದರ ಚಕ್ರ, ಅದರ ಉದ್ದನೆಯ ಕೊಳವೆಯನ್ನೇ ನೋಡುತ್ತಿದ್ದೆ.

"ನಂಗ ಹೊಟ್ಟಿಕಿಚ್ಚ್ ಆಗ್ಲಿಕ್ಹತ್ಯಾದ," ಎಂದುಬಿಟ್ಟೆ.

ಅವಳು ಕೊಳವೆ ಸುತ್ತುತ್ತಿದ್ದವಳು ತಲೆಯೆತ್ತಿದಳು.

"ಆಗ್ಲಿ. ಹಿಂಗೇ ಹೇಳ್ಕೋತ ಇರು. ನೀ ಸುಮ್ನ ಕುಂತಿ ಅಂದ್ರ ನಂಗ ಅಂಜಿಕಿ ಬರ್ತದ."

ಹಳೆಯ ಮಶೀನನ್ನು ಆಟೋದಲ್ಲಿಟ್ಟುಕೊಂಡು ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಹೊರಟೆ. ಅವಳು ಹೊಸದನ್ನು ತೆಗೆದುಕೊಂಡು ಭಾಲ್ಕಿಯ ಬಸ್ಸು ಹಿಡಿದಳು.